ದೊಡ್ಡ ಟೈರ್ ಹಾಕ್ಸಿದ್ಮೇಲೆ ವಿ-ಕ್ರಾಸ್ ಮೈಲೇಜ್ ನಿಜವಾಗ್ಲೂ ಎಷ್ಟು ಬಿತ್ತು?

ಪ್ರಶ್ನೆ: ಸರ್, ನಮ್ದು ಸಕಲೇಶಪುರದ ಹತ್ರ ಕಾಫಿ ತೋಟ. 2017ರ ಇಸುಝು ವಿ-ಕ್ರಾಸ್ ಪಿಕಪ್ ಇಟ್ಕೊಂಡಿದೀನಿ, 2.5 ಲೀಟರ್ ಮ್ಯಾನ್ಯುಯಲ್. ಕಂಪನಿಯಿಂದ ಬಂದಿದ್ದ 245/70 ಆರ್16 ಟೈರ್ ಪೂರ್ತಿ ಸವೆದೋಗಿತ್ತು ಅಂತ ಮಳೆಗಾಲಕ್ಕೆ ಮುಂಚೆ 265/75 ಆರ್16 ಆಲ್ ಟೆರೇನ್, ಅಂದ್ರೆ ಟಾರ್ ರೋಡಿಗೂ ಕಚ್ಚಾ ದಾರಿಗೂ ಆಗೋ ಒರಟು ಟೈರ್ ಹಾಕ್ಸಿದೆ. ತೋಟದೊಳಗೆ ಚೆನ್ನಾಗೇ ಹೋಗತ್ತೆ. ಆದ್ರೆ ಮೊದ್ಲು 12.5 ಕೊಡ್ತಿದ್ದ ಗಾಡಿ ಈಗ 10.6 ಕೊಡ್ತಿದೆ. ಮೊದ್ಲು 4ನೇ ಗೇರಲ್ಲಿ ಹತ್ತುತಿದ್ದ ಏರು ಈಗ 3ಕ್ಕೆ ಇಳಿಸ್ದೆ ಹತ್ತಲ್ಲ. ಬರೀ ಟೈರಿಂದ ಇಷ್ಟೊಂದು ಬೀಳತ್ತಾ? ವಾಪಸ್ ಹಳೇ ಸೈಜಿಗೇ ಹೋಗ್ಲಾ?

ಉತ್ತರ: ಮೈಲೇಜ್ ಬಿದ್ದಿರೋದು ನಿಜ, ಆದ್ರೆ ನೀವು ಅನ್ಕೊಂಡಷ್ಟು ಬಿದ್ದಿಲ್ಲ. 12.5ರಿಂದ 10.6 ಅಂದ್ರೆ 15 ಪರ್ಸೆಂಟ್ ಮೇಲೆ, ಇದನ್ನ ಕೇಳಿದ್ರೆ ಯಾರಿಗಾದ್ರೂ ಹೊಟ್ಟೆ ಉರಿಯತ್ತೆ, ಆದ್ರೆ ಅದ್ರಲ್ಲಿ ಅರ್ಧಕ್ಕರ್ಧ ನಿಮ್ಮ ಮೀಟರ್ ಹೇಳ್ತಿರೋ ಸುಳ್ಳು. ಮೊದ್ಲು ಅದನ್ನ ಬಿಡಿಸ್ಕೊಳ್ಳೋಣ, ಉಳಿದಿದ್ದಕ್ಕೆ ಆಮೇಲೆ ಕಾರಣ ಹುಡುಕೋಣ, ಯಾಕಂದ್ರೆ ತಪ್ಪು ನಂಬರ್ ಹಿಡ್ಕೊಂಡು ಟೈರ್ ಮಾರೋಕೆ ಹೋದ್ರೆ ಡಬಲ್ ಲಾಸು.

ನಿಮ್ಮ ಗಾಡಿಯ ಓಡೋಮೀಟರ್‌ಗೆ ರೋಡ್ ಎಷ್ಟು ಉದ್ದ ಹೋಯ್ತು ಅಂತ ಗೊತ್ತಿಲ್ಲ, ಅದು ಚಕ್ರ ಎಷ್ಟು ಸುತ್ತು ತಿರುಗ್ತು ಅನ್ನೋದನ್ನ ಮಾತ್ರ ಎಣಿಸತ್ತೆ. ಒಂದು ಸುತ್ತಿಗೆ ಇಷ್ಟು ಅಂತ ಕಂಪನಿ ಟೈರಿನ ಲೆಕ್ಕದಲ್ಲಿ ಫಿಕ್ಸ್ ಮಾಡಿ ಇಟ್ಟಿರ್ತಾರೆ. ಈಗ ಟೈರ್ ದೊಡ್ಡದಾಯ್ತು, ಒಂದೊಂದು ಸುತ್ತಿಗೂ ಗಾಡಿ ಜಾಸ್ತಿ ದೂರ ಹೋಗತ್ತೆ, ಮೀಟರ್ ಮಾತ್ರ ಹಳೇ ಲೆಕ್ಕವನ್ನೇ ಬರ್ಕೊಳ್ತಿದೆ. ದೊಡ್ಡ ಸೇರಲ್ಲಿ ಭತ್ತ ಅಳೆದ್ರೆ ಸೇರಿನ ಎಣಿಕೆ ಕಮ್ಮಿ ಬರತ್ತೆ, ಹಾಗಂತ ರಾಶಿ ಏನೂ ಕರಗಿಲ್ಲ ಅಲ್ವಾ.

ಎಷ್ಟು ವ್ಯತ್ಯಾಸ ಅಂತ ಟೈರ್ ಮೇಲಿರೋ ನಂಬರಿಂದಾನೇ ತೆಗೀಬಹುದು. 245/70 ಆರ್16 ಅಂದ್ರೆ ಅಗಲ 245 ಮಿ.ಮೀ., ಸೈಡ್‌ವಾಲ್ ಎತ್ತರ ಅಗಲದ 70 ಪರ್ಸೆಂಟ್ ಅಂದ್ರೆ 171.5 ಮಿ.ಮೀ., ರಿಮ್ಮು 16 ಇಂಚು ಅಂದ್ರೆ 406.4 ಮಿ.ಮೀ. ಸೈಡ್‌ವಾಲ್ ಮೇಲೊಂದು ಕೆಳಗೊಂದು ಬರತ್ತಲ್ಲ, ಎರಡನ್ನೂ ಸೇರಿಸಿ ಒಟ್ಟು ಎತ್ತರ 749 ಮಿ.ಮೀ. ಅದೇ ನಿಮ್ಮ ಹೊಸ 265/75 ಆರ್16ಗೆ ಸೈಡ್‌ವಾಲೇ 198.75, ಒಟ್ಟು ಎತ್ತರ 804 ಮಿ.ಮೀ. ಬರತ್ತೆ. ಅಂದ್ರೆ 7.3 ಪರ್ಸೆಂಟ್ ದೊಡ್ಡದು. ಮೀಟರ್ 100 ಕಿ.ಮೀ. ಅಂತ ತೋರಿಸಿದಾಗ ಗಾಡಿ ಓಡಿರೋದು 107 ಕಿ.ಮೀ. ಮೇಲೆ.

ಈಗ ನಿಮ್ಮ 10.6ನ್ನೇ ತಗೊಳ್ಳಿ. 60 ಲೀಟರ್ ಡೀಸೆಲ್‌ಗೆ ಮೀಟರಲ್ಲಿ 636 ಕಿ.ಮೀ. ಬಂತು ಅಂತ ಇಟ್ಕೊಳಿ. ನಿಜವಾಗಿ ಓಡಿದ್ದು 636 ಗುಣಿಸು 1.073, ಅಂದ್ರೆ 682 ಕಿ.ಮೀ. ಅದನ್ನ 60ರಿಂದ ಭಾಗ್ಸಿದ್ರೆ 11.4. ನೋಡಿ, 0.8 ಅಲ್ಲೇ ವಾಪಸ್ ಬಂತು. ಡ್ಯಾಶ್‌ಬೋರ್ಡಲ್ಲಿ ಬರೋ ಆವರೇಜ್ ಕೂಡ ಇದೇ ಚಕ್ರದ ಲೆಕ್ಕದಿಂದಾನೇ ಬರೋದ್ರಿಂದ ಅದಕ್ಕೂ ಇದೇ ತಪ್ಪು ಅಂಟ್ಕೊಂಡಿರತ್ತೆ, ಸ್ಕ್ರೀನ್ ಮೇಲೆ ಬಂತು ಅಂತ ನಂಬೋ ಹಾಗಿಲ್ಲ.

ಇನ್ನೊಂದು ವಿಷ್ಯ ಇದೆ, ಇದನ್ನ ತುಂಬ ಜನ ಲೆಕ್ಕಕ್ಕೇ ತಗೊಳಲ್ಲ. ನಿಮ್ಮ ಹಳೇ 12.5 ಬಂದಿದ್ದು ಸವೆದೋಗಿದ್ದ ಟೈರಲ್ಲಿ. ಹೊಸದಾಗಿದ್ದಾಗ ರೋಡ್ ಟೈರಿನ ಗ್ರಿಪ್ ಆಳ ಸುಮಾರು 8 ಮಿ.ಮೀ. ಇರತ್ತೆ, ಪೂರ್ತಿ ಸವೆದಾಗ 2-3 ಮಿ.ಮೀ. ಉಳಿದಿರತ್ತೆ. ಮೇಲೆ ಕೆಳಗೆ ಎರಡೂ ಕಡೆ ಸೇರಿ ಎತ್ತರದಲ್ಲಿ 11 ಮಿ.ಮೀ. ಹತ್ರ ಹೋಯ್ತು, ಅಂದ್ರೆ ಒಂದೂವರೆ ಪರ್ಸೆಂಟ್ ಚಿಕ್ಕ ಟೈರು. ಚಿಕ್ಕ ಟೈರು ಜಾಸ್ತಿ ಸುತ್ತು ತಿರುಗತ್ತೆ, ಮೀಟರ್ ಜಾಸ್ತಿ ಕಿಲೋಮೀಟರ್ ತೋರಿಸತ್ತೆ. ಹಾಗಾಗಿ ಆ 12.5ರ ನಿಜವಾದ ಬೆಲೆ 12.3. ಅದಲ್ದೆ ಸವೆದ ಟೈರಲ್ಲಿ ರಬ್ಬರೇ ಕಮ್ಮಿ, ಹಾಗಾಗಿ ಹೊಸದಕ್ಕಿಂತ ಸಲೀಸಾಗಿ ಉರುಳತ್ತೆ. ಅದೇ ಕಂಪನಿ ಅದೇ ಸೈಜಿನ ಹೊಸ ಟೈರ್ ಹಾಕ್ಸಿದ್ರೂ ನಿಮಗೆ ಮೈಲೇಜ್ ಸ್ವಲ್ಪ ಕಮ್ಮಿ ಅನ್ನಿಸ್ತಿತ್ತು. ಹಳೇ ಸವೆದ ಟೈರನ್ನ ಹೊಸ ಆಲ್ ಟೆರೇನ್ ಜೊತೆ ಹೋಲಿಸೋದು ಆ ಹೊಸ ಟೈರಿಗೆ ಮಾಡೋ ಅನ್ಯಾಯ.

ಒಟ್ಟು 12.3ರಿಂದ 11.4. ಸುಮಾರು 7 ಪರ್ಸೆಂಟ್ ಚಿಲ್ರೆ. ಇದು ನಿಜವಾದ ನಷ್ಟ, ಇದಕ್ಕೆ ಕಾರಣ ಹುಡುಕ್ಬೇಕು.

ಆದ್ರೆ ಅದಕ್ಕೂ ಮುಂಚೆ ನೀವು ಟ್ಯಾಂಕ್ ಫುಲ್ ಮಾಡಿಸಿ ಲೆಕ್ಕ ಹಾಕಿದ್ದು ಯಾವ ರೂಟಲ್ಲಿ ಅಂತ ನೆನಪ್ ಮಾಡ್ಕೊಳ್ಳಿ, ನಿಮ್ಮ ಕಡೆಯವರಿಗೆ ಇದು ತುಂಬ ಮುಖ್ಯ. ಸಕಲೇಶಪುರ ಸಮುದ್ರ ಮಟ್ಟದಿಂದ 900 ಮೀಟರ್ ಮೇಲಿದೆ. 2 ಟನ್ ಗಾಡಿನ ಮಂಗಳೂರಿಂದ 900 ಮೀಟರ್ ಮೇಲಕ್ಕೆ ಎತ್ತೋಕೇ ಹತ್ತಿರತ್ತಿರ 18 ಮೆಗಾಜೂಲ್ ಶಕ್ತಿ ಬೇಕು. ಒಂದು ಲೀಟರ್ ಡೀಸೆಲಲ್ಲಿ 36 ಮೆಗಾಜೂಲ್ ಇದ್ರೂ ಎಂಜಿನ್ನಿನ ಬಿಸಿ, ಹೊಗೆ, ಗೇರ್‌ಬಾಕ್ಸ್ ಎಲ್ಲ ಕಳೆದು ಚಕ್ರಕ್ಕೆ ಸಿಗೋದು ಮೂರನೇ ಒಂದು ಭಾಗಕ್ಕಿಂತ ಕಮ್ಮಿ, 11 ಅನ್ಕೊಳಿ. ಅಲ್ಲಿಗೆ ಬರೀ ಎತ್ತರಕ್ಕೇ 1.6 ಲೀಟರ್ ಖರ್ಚು, ಅದೂ ಸುಮಾರು 130 ಕಿ.ಮೀ. ದಾರಿಗೆ, ಯಾವ ಟೈರ್ ಹಾಕಿದ್ರೂ ಇದು ತಪ್ಪಲ್ಲ. ಶಿರಾಡಿ ಘಾಟಿ ಇಳಿದು ಹೋದ ಟ್ಯಾಂಕನ್ನೂ ಹತ್ತಿ ಬಂದ ಟ್ಯಾಂಕನ್ನೂ ಪಕ್ಕಪಕ್ಕ ಇಟ್ರೆ ಟೈರ್ ಮಾಡೋ ವ್ಯತ್ಯಾಸಕ್ಕಿಂತ ದೊಡ್ಡ ವ್ಯತ್ಯಾಸ ಬಂದ್ಬಿಡತ್ತೆ. ಹಾಗಾಗಿ ಹೋಗಿ ಬಂದು ಎರಡೂ ಸೇರೋ ಹಾಗೆ ಅಳೀರಿ. ಅದೇ ಬಂಕು, ಸಾಧ್ಯ ಆದ್ರೆ ಅದೇ ಪಂಪು, ಗನ್ ತಾನಾಗೇ ಕಟ್ ಆದ್ಮೇಲೆ ನೊರೆ ಇಳಿಯೋಕೆ ಒಂದೆರಡು ನಿಮಿಷ ಬಿಟ್ಟು ಇನ್ನೊಂದ್ಸಲ ಕಟ್ ಆಗೋವರೆಗೂ ಹಾಕ್ಸಿ, ಪ್ರತಿಸಲ ಅಷ್ಟೇ ಮಾಡಿ. ಒಂದು ಟ್ಯಾಂಕ್ ಸಾಲಲ್ಲ, ಕಮ್ಮಿ ಅಂದ್ರೂ ಎರಡ್ಮೂರು ಟ್ಯಾಂಕಿನ ಸರಾಸರಿ ತಗೊಳ್ಳಿ. ನೀವು ಟೈರ್ ಹಾಕ್ಸಿದ್ದು ಮಳೆಗಾಲದ ಮುಂಚೆ ಬೇರೆ, ಅಂದ್ರೆ ಹಳೇ ಲೆಕ್ಕ ಬೇಸಿಗೆದು, ಹೊಸ ಲೆಕ್ಕ ಮಳೇದು. ನೀರು ನಿಂತಿರೋ ರೋಡಲ್ಲಿ ಟೈರು ನೀರನ್ನ ತಳ್ಕೊಂಡು ಹೋಗ್ಬೇಕು, ತೋಟದ ಕೆಸರಲ್ಲಿ ಇನ್ನೂ ಜಾಸ್ತಿ ಎಳೆದಾಟ, ಅದಕ್ಕೂ ಡೀಸೆಲ್ ಬೇಕಲ್ವಾ.

ಮೀಟರ್ ಎಷ್ಟು ತಪ್ಪು ತೋರಿಸ್ತಿದೆ ಅನ್ನೋದಕ್ಕೆ ನಾನು ಮೇಲೆ ಹಾಕಿರೋದು ಟೈರ್ ಮೇಲಿರೋ ನಂಬರಿನ ಲೆಕ್ಕ. ಒಂದು ಕಂಪನಿಯ 265ಗೂ ಇನ್ನೊಂದು ಕಂಪನಿಯ 265ಗೂ ಸಣ್ಣ ವ್ಯತ್ಯಾಸ ಇದ್ದೇ ಇರತ್ತೆ, ಹಾಗಾಗಿ ನಿಮ್ಮ ಗಾಡೀಲೇ ಅಳ್ಕೊಳೋದು ಒಳ್ಳೇದು. ಕಾಫಿ ಕಣ ಸಿಮೆಂಟಿಂದು ಇದ್ರೆ ಸಾಕು. ಗಾಳಿ ಸರಿಯಾಗಿ ಹೊಡೆಸಿ, ಟೈರ್ ನೆಲಕ್ಕೆ ತಾಗಿರೋ ಜಾಗದಲ್ಲಿ ಟೈರಿಗೂ ನೆಲಕ್ಕೂ ಸೇರಿ ಒಂದು ಸೀಮೆಸುಣ್ಣದ ಗೆರೆ ಎಳೀರಿ, ಸ್ಟೀರಿಂಗ್ ನೇರ ಇಟ್ಕೊಂಡು ಗಾಡಿನ ನಿಧಾನ ಮುಂದೆ ತಳ್ಳಿ ಟೈರಿನ ಗೆರೆ ಮತ್ತೆ ನೆಲಕ್ಕೆ ಬರೋ ಜಾಗದಲ್ಲಿ ಇನ್ನೊಂದು ಗೆರೆ, ಎರಡು ಗೆರೆ ಮಧ್ಯೆ ಟೇಪ್ ಹಿಡೀರಿ. ಒಂದು ಸುತ್ತಿಗಿಂತ ಐದು ಸುತ್ತು ಅಳೆದು ಭಾಗ್ಸಿದ್ರೆ ಇನ್ನೂ ಕರಾರುವಾಕ್ಕು. ಸ್ಟೆಪ್ನಿ ಇನ್ನೂ ಹಳೇ ಸೈಜಿಂದೇ ಇದ್ರೆ ಅದನ್ನ ಹಾಕಿ ಇದೇ ಥರ ಅಳೀರಿ, ದೊಡ್ಡದನ್ನ ಚಿಕ್ಕದರಿಂದ ಭಾಗ್ಸಿದ್ರೆ ನಿಮ್ಮ ಗುಣಿಸೋ ನಂಬರ್ ಸಿಗತ್ತೆ. ಇಲ್ಲಾಂದ್ರೆ ಹಾಸನದ ಕಡೆ ಹೈವೇಲಿ ಹೋಗೋವಾಗ ಫೋನಲ್ಲಿ ಜಿಪಿಎಸ್ ದೂರ ಹಾಕಿಟ್ಟು ಟ್ರಿಪ್ ಮೀಟರ್ ಜೊತೆ ತಾಳೆ ನೋಡಿ. ಸ್ಪೀಡೋಮೀಟರ್ ಮುಳ್ಳು ನೋಡಿ ಮಾತ್ರ ಲೆಕ್ಕ ಹಾಕ್ಬೇಡಿ, ಕಂಪನಿಯವ್ರು ಮುಳ್ಳನ್ನ ಬೇಕಂತಲೇ ನಿಜವಾದ ಸ್ಪೀಡಿಗಿಂತ ಸ್ವಲ್ಪ ಜಾಸ್ತಿ ತೋರಿಸೋ ಹಾಗೆ ಇಟ್ಟಿರ್ತಾರೆ, ಓಡೋಮೀಟರ್‌ಗೆ ಅಷ್ಟು ತಪ್ಪು ಇರಲ್ಲ.

ಈಗ ಆ 7 ಪರ್ಸೆಂಟ್ ಎಲ್ಲಿ ಹೋಯ್ತು ನೋಡೋಣ.

ಜನ ಎಲ್ರೂ ಮೊದ್ಲು ಹೇಳೋದು ತೂಕ. ಟೈರ್ ತೂಕ ಒಂದು ಕೆ.ಜಿ. ಜಾಸ್ತಿ ಆದ್ರೆ ಗಾಡಿ ತೂಕ ಹತ್ತು ಕೆ.ಜಿ. ಜಾಸ್ತಿ ಆದಂಗೆ ಅಂತ ಒಂದು ಮಾತು ಎಲ್ಲಾ ಕಡೆ ಓಡಾಡ್ತಿದೆ, ದಯವಿಟ್ಟು ನಂಬ್ಬೇಡಿ. ತಿರುಗೋ ಚಕ್ರದ ಹೊರ ಅಂಚಲ್ಲಿರೋ ತೂಕ ಸ್ಪೀಡ್ ಏರಿಸೋವಾಗ ಜಾಸ್ತಿ ಅಂದ್ರೆ ಎರಡರಷ್ಟು ಲೆಕ್ಕಕ್ಕೆ ಬರತ್ತೆ, ಅದಕ್ಕಿಂತ ಜಾಸ್ತಿ ಬರೋಕೆ ಸಾಧ್ಯವೇ ಇಲ್ಲ, ಯಾಕಂದ್ರೆ ಆ ತೂಕವನ್ನ ಮುಂದಕ್ಕೂ ಒಯ್ಯಬೇಕು, ಜೊತೆಗೆ ತಿರುಗಿಸ್ಲೂಬೇಕು, ಇಷ್ಟೇ ಎರಡು ಕೆಲಸ. ಒಂದೊಂದು ಟೈರೂ 7 ಕೆ.ಜಿ. ಜಾಸ್ತಿ ಆಗಿದೆ ಅನ್ಕೊಂಡ್ರೂ ನಾಲ್ಕಕ್ಕೆ 28, ಎರಡರಷ್ಟು ಅಂದ್ರೆ 50 ಚಿಲ್ರೆ ಕೆ.ಜಿ., 2 ಟನ್ ಗಾಡಿಗೆ ಅದು 3 ಪರ್ಸೆಂಟೂ ಇಲ್ಲ. ಅದೂ ಪೇಟೇಲಿ ನಿಲ್ಸಿ ಎಬ್ಬಿಸಿ ಮಾಡೋವಾಗ ಮಾತ್ರ. ಹೈವೇಲಿ ಒಂದೇ ಸ್ಪೀಡಲ್ಲಿ ಹೋಗ್ತಿದ್ರೆ ತಿರುಗೋ ತೂಕಕ್ಕೆ ಅಂತ ಡೀಸೆಲ್ ಏನೂ ಹೋಗಲ್ಲ. ಹಾಗಾಗಿ ತೂಕ ಸಣ್ಣ ಕಳ್ಳ.

ದೊಡ್ಡ ಕಳ್ಳ ರಬ್ಬರು. ಟೈರ್ ನೆಲಕ್ಕೆ ತಾಗೋ ಜಾಗದಲ್ಲಿ ಚಪ್ಪಟೆ ಆಗತ್ತೆ, ಮೇಲೆ ಹೋದಾಗ ಮತ್ತೆ ಉಬ್ಬತ್ತೆ, ಪ್ರತಿ ಸುತ್ತಿಗೂ ಇದೇ. ಹೀಗೆ ಮಡಚಿ ಬಿಚ್ಚೋವಾಗ ರಬ್ಬರು ತಗೊಂಡ ಶಕ್ತೀನ ಪೂರ್ತಿ ವಾಪಸ್ ಕೊಡಲ್ಲ, ಒಂದಷ್ಟನ್ನ ಬಿಸಿ ಮಾಡಿ ಕಳೀತದೆ. ದೂರ ಓಡ್ಸಿ ಬಂದು ಟೈರ್ ಮುಟ್ಟಿ ನೋಡಿ, ಆ ಬಿಸಿ ಎಲ್ಲಾ ನೀವು ಬಂಕಲ್ಲಿ ದುಡ್ಡು ಕೊಟ್ಟು ತಂದಿದ್ದೇ. ಆಲ್ ಟೆರೇನ್ ಟೈರಲ್ಲಿ ಗ್ರಿಪ್ ಆಳ ಜಾಸ್ತಿ, ದಪ್ಪ ದಪ್ಪ ಬಟನ್ನು, ಪ್ರತಿಯೊಂದು ಬಟನ್ನೂ ನೆಲಕ್ಕೆ ಒತ್ತಿದಾಗ ಅಕ್ಕಪಕ್ಕ ಅಲ್ಲಾಡತ್ತೆ. ಅದ್ರಲ್ಲೂ ಎಲ್‌ಟಿ ಅಂತ, ಅಂದ್ರೆ ಲೈಟ್ ಟ್ರಕ್ ಅಂತ ಬರೋ ಟೈರ್ ಆದ್ರೆ ಸೈಡ್‌ವಾಲ್ ಒಳಗೆ ಪದರ ಜಾಸ್ತಿ, ಅಂಗಡಿಯವ್ರು 10 ಪ್ಲೈ ಅಂತಾರಲ್ಲ ಅದು. ಇದೆಲ್ಲ ಮಡಚೋಕೆ ಶಕ್ತಿ ಬೇಕು.

ಲೆಕ್ಕ ಹಾಕಿ ನೋಡಿ. ಉರುಳೋಕೆ ಅಡ್ಡಿ ಮಾಡೋ ಬಲ ಒಳ್ಳೇ ರೋಡ್ ಟೈರಲ್ಲಿ ಗಾಡಿ ತೂಕದ ಸುಮಾರು 1 ಪರ್ಸೆಂಟ್ ಇರತ್ತೆ, ಒರಟು ಟೈರಲ್ಲಿ 1.3 ಆಯ್ತು ಅಂತ ಇಟ್ಕೊಳಿ. ಕೇಳೋಕೆ ಏನೂ ಅಲ್ಲ ಅನ್ಸತ್ತೆ. ಆದ್ರೆ 2 ಟನ್ ಗಾಡಿಗೆ ಅದು ಸುಮಾರು 60 ನ್ಯೂಟನ್ ಜಾಸ್ತಿ ಬಲ, 100 ಕಿ.ಮೀ. ಉದ್ದಕ್ಕೂ ಎಳ್ಕೊಂಡು ಹೋದ್ರೆ 6 ಮೆಗಾಜೂಲ್ ಹತ್ರ, ಮೇಲೆ ಹೇಳಿದ 11ರ ಲೆಕ್ಕದಲ್ಲಿ ಅರ್ಧ ಲೀಟರ್ ಡೀಸೆಲ್. 12.3 ಕೊಡೋ ಗಾಡಿ 100 ಕಿ.ಮೀ.ಗೆ 8.1 ಲೀಟರ್ ಕುಡಿಯತ್ತೆ, ಅದಕ್ಕೆ ಅರ್ಧ ಸೇರಿಸಿದ್ರೆ 8.6 ಚಿಲ್ರೆ, ಅಂದ್ರೆ 11.5-11.6. ನಿಮ್ಮ 11.4ಕ್ಕೆ ಹತ್ರ ಹತ್ರ ಬಂತಲ್ಲ. ನೀವು ಕಳ್ಕೊಂಡಿರೋದ್ರಲ್ಲಿ ಬಹುಪಾಲು ಸೈಜಿಂದ ಹೋಗಿಲ್ಲ, ಟೈರಿನ ಜಾತಿಯಿಂದ ಹೋಗಿದೆ. ಹಳೇ 245/70 ಸೈಜಲ್ಲೇ ಇಷ್ಟೇ ಒರಟು ಟೈರ್ ಹಾಕ್ಸಿದ್ರೂ ಇದ್ರಲ್ಲಿ ದೊಡ್ಡ ಪಾಲು ಹೋಗ್ತಾನೇ ಇತ್ತು. ಚೀಲ ಹೇರಿದಾಗ ಈ ನಷ್ಟ ಇನ್ನೂ ಬೆಳೆಯತ್ತೆ, ಯಾಕಂದ್ರೆ ಉರುಳೋ ಅಡ್ಡಿ ತೂಕದ ಜೊತೆಗೇ ಏರೋದು.

ಹೈವೇಲಿ ಇದರ ಜೊತೆಗೆ ಇನ್ನೊಂದು ಸೇರ್ಕೊಳತ್ತೆ, ಅದು ನಿಮಗೆ ಗೊತ್ತಾಗ್ದೇ ಏರಿರೋ ಸ್ಪೀಡು. ಮೊದ್ಲಿನ ಹಾಗೇ ಮುಳ್ಳು 80ರಲ್ಲಿ ಇಟ್ಕೊಂಡು ಹೋಗ್ತೀರ, ಗಾಡಿ ಮಾತ್ರ ಮೊದ್ಲಿಗಿಂತ 7 ಪರ್ಸೆಂಟ್ ಜೋರಾಗಿ ಹೋಗ್ತಿರತ್ತೆ. ಗಾಳಿಯ ತಡೆ ಸ್ಪೀಡಿನ ವರ್ಗದ ಲೆಕ್ಕದಲ್ಲಿ ಏರತ್ತೆ, 1.073ನ್ನ 1.073ರಿಂದ ಗುಣಿಸಿದ್ರೆ 1.15, ಅಂದ್ರೆ 15 ಪರ್ಸೆಂಟ್ ಜಾಸ್ತಿ ತಡೆ. ಪಿಕಪ್ ಅಂದ್ಮೇಲೆ ಮುಂದೆ ಗೋಡೆ ಥರ ಮೂತಿ, ಹಿಂದೆ ತೆರೆದ ಡಬ್ಬಿ, ಕಾರಿನ ಹಾಗೆ ಗಾಳೀನ ಸೀಳ್ಕೊಂಡು ಹೋಗೋ ಆಕಾರ ಅಲ್ಲ, 80ರ ಮೇಲೆ ಎಂಜಿನ್ನಿನ ಕೆಲಸದಲ್ಲಿ ದೊಡ್ಡ ಭಾಗ ಗಾಳಿ ಜೊತೆ ಗುದ್ದಾಡೋದೇ. ಇದಕ್ಕೆ ಮದ್ದು ಪುಕ್ಸಟ್ಟೆ, ಮುಳ್ಳು 75ರಲ್ಲಿ ಇಟ್ಕೊಳಿ, ನೀವು ಮೊದ್ಲಿನ 80ರಲ್ಲೇ ಹೋಗ್ತಿರ್ತೀರ, ಮನೆಗೂ ಅದೇ ಟೈಮಿಗೆ ತಲುಪ್ತೀರ. ಗಾಡಿ ಎತ್ತರ ಏರಿರೋದು ಟೈರಿನ ವ್ಯತ್ಯಾಸದ ಅರ್ಧ, ಬರೀ 27 ಮಿ.ಮೀ., ಅದರಿಂದ ಗಾಳಿಗೆ ಹೇಳಿಕೊಳ್ಳೋ ಅಂಥ ವ್ಯತ್ಯಾಸ ಆಗಲ್ಲ. ಟೈರ್ ಜೊತೆಗೆ ಮೇಲೆ ಕ್ಯಾರಿಯರ್ರು, ಲೈಟ್ ಬಾರು, ಮುಂದೆ ಕಬ್ಬಿಣದ ಬಂಪರ್ರು ಹಾಕ್ಸಿದ್ರೆ ಅದರ ಲೆಕ್ಕ ಬೇರೆ, ಅದನ್ನ ಟೈರಿನ ತಲೆ ಮೇಲೆ ಹಾಕ್ಬೇಡಿ.

ಇನ್ನು ಗೇರಿನ ವಿಷ್ಯ, ನಿಮಗೆ ಏರಲ್ಲಿ ಆಗ್ತಿರೋದು. ಚಕ್ರ 7 ಪರ್ಸೆಂಟ್ ದೊಡ್ಡದಾದ್ರೆ ಅದೇ ಗೇರಲ್ಲಿ ನೆಲಕ್ಕೆ ಸಿಗೋ ಎಳೆತ ಹತ್ರ ಹತ್ರ 7 ಪರ್ಸೆಂಟ್ ಕಮ್ಮಿ ಆಗತ್ತೆ. ಜೊತೆಗೆ ಅದೇ ರೋಡ್ ಸ್ಪೀಡಿಗೆ ಎಂಜಿನ್ ನಿಧಾನ ತಿರುಗತ್ತೆ. ನಿಮ್ಮ 2.5 ಎಂಜಿನ್ನಿನ ಪೂರ್ತಿ ಟಾರ್ಕು, ಅಂದ್ರೆ ತಿರುಗಿಸೋ ಬಲ, ಆ 320 ನ್ಯೂಟನ್ ಮೀಟರ್ ಇದೆಯಲ್ಲ, ಅದು ಸಿಗೋದು 1800ರಿಂದ 2800 ಆರ್‌ಪಿಎಂ ಮಧ್ಯೆ. ಮೊದ್ಲು 4ನೇ ಗೇರಲ್ಲಿ 1900ರಲ್ಲಿ ಹತ್ತುತಿದ್ದ ಏರಲ್ಲಿ ಈಗ ಎಂಜಿನ್ 1770ರಲ್ಲಿ ಇರತ್ತೆ, ಟರ್ಬೊ ಸರಿಯಾಗಿ ಎದ್ದಿರಲ್ಲ, ಎಳೆತಾನೂ ಕಮ್ಮಿ, ಎರಡೂ ಒಟ್ಟಿಗೆ ಹೊಡೆದಾಗ ಗಾಡಿ ಮುಕ್ಕರಿಯತ್ತೆ. ಆಗ ಕಾಲು ಒತ್ತಿ ಹಿಡಿದು 4ರಲ್ಲೇ ಹತ್ತಿಸೋಕೆ ನೋಡೋರೇ ಜಾಸ್ತಿ, ಗೇರ್ ಇಳಿಸಿದ್ರೆ ಡೀಸೆಲ್ ಜಾಸ್ತಿ ಹೋಗತ್ತೆ ಅನ್ನೋ ಭಯ. ಅದು ತಪ್ಪು, 3ಕ್ಕೆ ಇಳಿಸಿ 2000ದ ಮೇಲೆ ಆರಾಮಾಗಿ ಹತ್ತಿಸಿ, ಎಂಜಿನ್ನಿಗೂ ಕ್ಲಚ್ಚಿಗೂ ಒಳ್ಳೇದು, ಹೊಗೇನೂ ಕಮ್ಮಿ. ಹಾಸನ ದಾಟಿ ಬೆಂಗಳೂರು ಕಡೆಗಿನ ಸಮತಟ್ಟು ರೋಡಲ್ಲಿ ಇದೇ ಎತ್ತರದ ಗೇರು ನಿಮಗೆ ಸ್ವಲ್ಪ ಲಾಭಾನೇ ಮಾಡತ್ತೆ, 5ರಲ್ಲಿ ಎಂಜಿನ್ ನಿಧಾನ ತಿರುಗತ್ತೆ, ಒಳಗಿನ ಉಜ್ಜಾಟ ಕಮ್ಮಿ ಆಗತ್ತೆ. ದೊಡ್ಡ ಟೈರಿಂದ ಮೈಲೇಜ್ ಏರ್ತು ಅಂತ ಯಾರಾದ್ರೂ ಹೇಳಿದ್ರೆ ಅವ್ರು ಓಡ್ಸೋದು ಹೆಚ್ಚಾಗಿ ಇಂಥ ರೋಡಲ್ಲೇ ಇರತ್ತೆ. ಮಲೆನಾಡಲ್ಲಿ ಆ ಲಾಭ ನಿಮಗೆ ಸಿಗೋದು ಕಮ್ಮಿ. ಅಮೆರಿಕದಲ್ಲಿ ದೊಡ್ಡ ಟೈರ್ ಹಾಕಿದೋರು ಹಿಂದಿನ ಆಕ್ಸಲ್ ಒಳಗಿನ ಕ್ರೌನ್ ಪಿನಿಯನ್ ಸೆಟ್ಟನ್ನೇ ಬದಲಾಯಿಸಿ ಗೇರ್ ಸರಿಮಾಡ್ಕೊತಾರೆ, ಅಲ್ಲಿನ ಪಿಕಪ್‌ಗಳಿಗೆ ಬೇರೆ ಬೇರೆ ಹಲ್ಲಿನ ಸೆಟ್ಟು ಅಂಗಡೀಲೇ ಸಿಗತ್ತೆ. 4 ವೀಲ್ ಡ್ರೈವ್ ಗಾಡೀಲಿ ಮುಂದಿನ ಆಕ್ಸಲ್‌ಗೂ ಹಾಗೇ ಮಾಡ್ಬೇಕು, ಈ 7 ಪರ್ಸೆಂಟಿಗೆ ಆ ಖರ್ಚಿಗೆ ಕೈ ಹಾಕೋ ಅಗತ್ಯ ಇಲ್ಲ.

ಗಾಳಿ ಒತ್ತಡ ನೋಡಿದೀರಾ? ನಿಮ್ಮ ಪ್ರಶ್ನೇಲಿ ಅದರ ಮಾತೇ ಇಲ್ಲ, ನನಗೆ ಅಲ್ಲೇ ಅನುಮಾನ. ಡ್ರೈವರ್ ಡೋರ್ ಹತ್ರ ಸ್ಟಿಕ್ಕರ್ ಮೇಲೆ ಇರೋ ಪಿಎಸ್‌ಐ ಕಂಪನಿ ಟೈರಿಗೆ ಹೇಳಿದ್ದು. ನೀವು ಹಾಕ್ಸಿರೋದು ಎಲ್‌ಟಿ ಟೈರ್ ಆಗಿದ್ರೆ ಅದೇ ತೂಕ ಹೊರೋಕೆ ಅದಕ್ಕೆ ಜಾಸ್ತಿ ಗಾಳಿ ಬೇಕು, ಹಳೇ ಪಿಎಸ್‌ಐ ಹಾಕಿದ್ರೆ ಅದು ಕಮ್ಮಿ ಗಾಳೀಲೇ ಓಡ್ತಿರೋ ಲೆಕ್ಕ. ಸೈಡ್‌ವಾಲ್ ದಪ್ಪ ಇರೋದ್ರಿಂದ ಕಣ್ಣಿಗೆ ಚಪ್ಪಟೆ ಕಾಣಲ್ಲ, ಪಂಕ್ಚರ್ ಅಂಗಡಿಯವ್ರು ಒದ್ದು ನೋಡಿ ಸರಿ ಇದೆ ಅಂದ್ಬಿಡ್ತಾರೆ. ಅಮೆರಿಕದ ಇಂಧನ ಇಲಾಖೆ ಲೆಕ್ಕದ ಪ್ರಕಾರ ನಾಲ್ಕೂ ಟೈರಲ್ಲಿ 1 ಪಿಎಸ್‌ಐ ಇಳಿದ್ರೆ ಮೈಲೇಜ್ ಸರಾಸರಿ 0.2 ಪರ್ಸೆಂಟ್ ಇಳಿಯತ್ತೆ, ಹತ್ತು ಪಿಎಸ್‌ಐ ಕಮ್ಮಿ ಇದ್ರೆ 2 ಪರ್ಸೆಂಟ್ ಅಲ್ಲೇ ಹೋಯ್ತು. ಟೈರ್ ಕಂಪನಿ ಆ ಸೈಜಿಗೆ ಎಷ್ಟು ತೂಕಕ್ಕೆ ಎಷ್ಟು ಗಾಳಿ ಅಂತ ಟೇಬಲ್ ಕೊಟ್ಟಿರತ್ತೆ, ಅದನ್ನ ಕೇಳಿ ತಗೊಳ್ಳಿ. ಸೈಡ್‌ವಾಲ್ ಮೇಲೆ ಬರ್ದಿರೋದು ಮ್ಯಾಕ್ಸಿಮಮ್ಮು, ಅಷ್ಟು ಹೊಡೆಸ್ಬೇಡಿ, ಖಾಲಿ ಗಾಡಿ ಹಿಂದೆ ಕುಣಿಯತ್ತೆ, ಮಳೇಲಿ ಬ್ರೇಕ್ ಹಿಡಿಯಲ್ಲ.

ಗಾಳಿ ಸರಿ ಇದೆಯಾ ಅಂತ ನೋಡೋಕೆ ಅದೇ ಸೀಮೆಸುಣ್ಣ ಸಾಕು. ಟೈರ್ ನೆಲಕ್ಕೆ ತಾಗೋ ಮುಖದ ಮೇಲೆ ಈ ಅಂಚಿಂದ ಆ ಅಂಚಿಗೆ ಅಡ್ಡ ದಪ್ಪಕ್ಕೆ ಬಳೀರಿ, ಒಣಗಿದ ಟಾರ್ ರೋಡಲ್ಲಿ ನೇರ ಒಂದಷ್ಟು ದೂರ ಓಡ್ಸಿ ಇಳಿದು ನೋಡಿ. ಅಂಚಲ್ಲಿ ಅಳಿಸಿ ಮಧ್ಯ ಉಳಿದಿದ್ರೆ ಗಾಳಿ ಕಮ್ಮಿ, ಮಧ್ಯ ಅಳಿಸಿ ಅಂಚು ಉಳಿದಿದ್ರೆ ಜಾಸ್ತಿ, ಪೂರ್ತಿ ಒಂದೇ ಸಮ ಅಳಿಸಿದ್ರೆ ಸರಿ. ಆದ್ರೆ ಟೇಬಲಲ್ಲಿ ನಿಮ್ಮ ತೂಕಕ್ಕೆ ಹೇಳಿರೋದಕ್ಕಿಂತ ಕೆಳಗೆ ಯಾವತ್ತೂ ಇಳಿಸ್ಬೇಡಿ, ಗೆರೆ ಏನೇ ಹೇಳ್ಲಿ. ಖಾಲಿ ಗಾಡಿಗೆ ಬೇರೆ, ಗೊಬ್ಬರದ ಮೂಟೆ ಹೇರಿದಾಗ ಹಿಂದಿನ ಎರಡಕ್ಕೆ ಬೇರೆ, ಎರಡನ್ನೂ ನೋಡಿ ಬರೆದಿಟ್ಕೊಳ್ಳಿ. ಗಾಳಿ ನೋಡೋದು ಬೆಳಗ್ಗೆ ಟೈರ್ ತಣ್ಣಗಿರೋವಾಗ. ಟೈರ್ ಹಾಕ್ಸಿದ್ಮೇಲೆ ಅಲೈನ್‌ಮೆಂಟ್ ಮಾಡ್ಸಿಲ್ಲ ಅಂದ್ರೆ ಅದನ್ನೂ ಮಾಡ್ಸಿ, ಮುಂದಿನ ಚಕ್ರ ಓರೆ ಇದ್ರೆ ಹೊಸ ಟೈರು ಉಜ್ಜಿ ಉಜ್ಜಿ ಸವೆಯತ್ತೆ, ಡೀಸೆಲೂ ತಿನ್ನತ್ತೆ.

ಮೈಲೇಜ್ ಬಿಟ್ಟು ಎರಡು ಮಾತು ಹೇಳ್ಲೇಬೇಕು, ಇವು ಡೀಸೆಲ್‌ಗಿಂತ ದೊಡ್ಡವು. ಬ್ರೇಕು ಹಳೇದೇ, ಚಕ್ರ ದೊಡ್ಡದು, ಹಾಗಾಗಿ ಪೆಡಲ್ ಅಷ್ಟೇ ಒತ್ತಿದ್ರೆ ನೆಲದಲ್ಲಿ ಹಿಡಿಯೋ ಬಲ 7 ಪರ್ಸೆಂಟ್ ಕಮ್ಮಿ. ಶಿರಾಡೀಲೋ ಚಾರ್ಮಾಡೀಲೋ ಹೇರ್ಕೊಂಡು ಇಳಿಯೋವಾಗ ಬ್ರೇಕ್ ಮೇಲೇ ನಿಂತ್ಕೊಳ್ಬೇಡಿ, ಮೊದ್ಲಿಗಿಂತ ಒಂದು ಗೇರ್ ಕೆಳಗೇ ಇಳಿಸಿ, ಯಾಕಂದ್ರೆ ಗೇರ್ ಎತ್ತರ ಆಗಿರೋದ್ರಿಂದ ಎಂಜಿನ್ ಹಿಡಿಯೋದೂ ಕಮ್ಮಿ ಆಗಿದೆ. ಇನ್ನೊಂದು, ಸ್ಟೆಪ್ನಿ ಹಳೇ ಸೈಜಿಂದು ಇದ್ದು ಪಂಕ್ಚರ್ ಆದಾಗ ಅದನ್ನ ಹಾಕಿದ್ರೆ ಟಾರ್ ರೋಡಲ್ಲಿ 4 ವೀಲ್ ಡ್ರೈವ್ ಹಾಕಲೇಬೇಡಿ. ನಿಮ್ಮ ಗಾಡೀಲಿ ಮುಂದಿನ ಆಕ್ಸಲ್ಲಿಗೂ ಹಿಂದಿನದಕ್ಕೂ ಮಧ್ಯೆ ಡಿಫರೆನ್ಷಿಯಲ್, ಅಂದ್ರೆ ಎರಡನ್ನೂ ಬೇರೆ ಬೇರೆ ಸ್ಪೀಡಲ್ಲಿ ತಿರುಗೋಕೆ ಬಿಡೋ ಗೇರ್ ಸೆಟ್ಟು ಇಲ್ಲ, 4ರಲ್ಲಿ ಹಾಕಿದಾಗ ಎರಡೂ ಆಕ್ಸಲ್ ಲಾಕ್ ಆಗಿ ಒಂದೇ ಲೆಕ್ಕದಲ್ಲಿ ತಿರುಗತ್ತೆ, ಟೈರ್ ಸೈಜ್ ಬೇರೆ ಬೇರೆ ಇದ್ರೆ ಟ್ರಾನ್ಸ್‌ಫರ್ ಕೇಸ್ ಮೇಲೆ, ಅಂದ್ರೆ ಎಂಜಿನ್ ಶಕ್ತೀನ ಎರಡೂ ಆಕ್ಸಲ್ಲಿಗೆ ಹಂಚೋ ಡಬ್ಬಿ ಮೇಲೆ ಒತ್ತಡ ಬೀಳತ್ತೆ. ಕೆಸರಲ್ಲಿ ಸಿಕ್ಕಿಹಾಕ್ಕೊಂಡಾಗ ಸ್ವಲ್ಪ ದೂರಕ್ಕೆ ನಡೆಯತ್ತೆ, ಅಷ್ಟೇ.

ಕಾನೂನಿನ ಕಡೆ ಹೇಳ್ಬೇಕಂದ್ರೆ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ಪ್ರಕಾರ ಕಂಪನಿ ಕೊಟ್ಟ ಸ್ಪೆಸಿಫಿಕೇಶನ್ ಮೀರಿ ಗಾಡೀನ ಬದಲಾಯಿಸೋ ಹಾಗಿಲ್ಲ, 2019ರ ಜನವರೀಲಿ ಸುಪ್ರೀಂ ಕೋರ್ಟೂ ಅದನ್ನೇ ಹೇಳಿದೆ. ನಿಮ್ಮ ಗಾಡಿಗೆ ಕಂಪನಿ ಒಪ್ಪಿರೋ ಸೈಜ್ ಯಾವ್ಯಾವುದು ಅಂತ ಮ್ಯಾನ್ಯುಯಲ್ ನೋಡಿ, ಇನ್ಶೂರೆನ್ಸಿನವರಿಗೆ ಬರವಣಿಗೇಲಿ ಕೇಳಿ ಉತ್ತರ ತಗೊಂಡಿಟ್ಕೊಳ್ಳಿ, ಕ್ಲೇಮಿಗೆ ಹೋದಾಗ ಬಾಯಿಮಾತು ನಡೆಯಲ್ಲ.

ವಾಪಸ್ ಹೋಗ್ಲಾ ಅಂತ ಕೇಳಿದ್ರಲ್ಲ. ದುಡ್ಡಿನ ಲೆಕ್ಕ ನೋಡಿ, ವರ್ಷಕ್ಕೆ 15,000 ಕಿ.ಮೀ. ಓಡ್ಸಿದ್ರೆ 12.3ಕ್ಕೂ 11.4ಕ್ಕೂ ವ್ಯತ್ಯಾಸ ಸುಮಾರು 96 ಲೀಟರ್, ಲೀಟರಿಗೆ 90 ರೂಪಾಯಿ ಹಿಡಿದ್ರೆ 8,600 ರೂಪಾಯಿ ಚಿಲ್ರೆ. ಹೊಸ ಟೈರ್ ನಾಲ್ಕನ್ನ ಅರ್ಧ ರೇಟಿಗೆ ಮಾರಿ ಇನ್ನೊಂದು ಸೆಟ್ ತಗೊಂಡ್ರೆ ಅದರ ಎಷ್ಟೋ ಪಟ್ಟು ಒಂದೇ ಏಟಿಗೆ ಹೋಗತ್ತೆ. ಮೈಲೇಜ್ ಒಂದಕ್ಕೇ ಅಂತ ಬದಲಾಯಿಸೋದಾದ್ರೆ ನಾನು ಬೇಡ ಅಂತೀನಿ. ಬದಲಾಯಿಸಲೇಬೇಕಾಗೋದು ಬೇರೆ ಕಾರಣಕ್ಕೆ, ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಅಥವಾ ಲೋಡ್ ಇದ್ದು ಗುಂಡೀಲಿ ಬಿದ್ದಾಗ ಟೈರು ಒಳಗಿನ ಲೈನರ್‌ಗೋ ಚಾಸಿಗೋ ಉಜ್ಜಿದ್ರೆ, ಅಥವಾ ಇನ್ಶೂರೆನ್ಸಿನವ್ರು ಆಗಲ್ಲ ಅಂದ್ರೆ. ಈ ಸೈಜಿಗೆ ಇಂಥ ಗಾಡೀಲಿ ಉಜ್ಜೋ ಸಾಧ್ಯತೆ ಇದ್ದೇ ಇದೆ, ಹೇರಿದ ಗಾಡೀನ ಎರಡೂ ಕಡೆ ಪೂರ್ತಿ ತಿರುಗಿಸಿ, ಒಬ್ರನ್ನ ಬಗ್ಗಿ ನೋಡೋಕೆ ಹೇಳಿ. ಉಜ್ಜಿದ ಕಡೆ ಪ್ಲಾಸ್ಟಿಕ್ ಮೇಲೆ ಹೊಳೆಯೋ ಕಪ್ಪು ಗುರುತು ಬಿದ್ದಿರತ್ತೆ.

ಮುಂದಿನ ಸಲ ಟೈರ್ ಹಾಕ್ಸೋವಾಗ ನಿಮಗೆ ತೋಟದಲ್ಲಿ ನಿಜವಾಗ್ಲೂ ಏನು ಬೇಕು ಅಂತ ಯೋಚ್ನೆ ಮಾಡಿ. ಕೆಂಪು ಮಣ್ಣಿನ ಜಾರೋ ಏರಲ್ಲಿ ಗಾಡಿ ಹತ್ತಿಸೋದು ಟೈರಿನ ಗ್ರಿಪ್ಪು ಮತ್ತೆ ಸರಿಯಾದ ಗಾಳಿ. ಎತ್ತರದ ಟೈರ್ ಕೊಡೋದು 27 ಮಿ.ಮೀ. ಜಾಸ್ತಿ ಕ್ಲಿಯರೆನ್ಸು, ಬಂಡೆ, ಮರದ ಬೇರು, ಆಳದ ಚಕ್ರದ ಗುರುತು ಇರೋ ದಾರೀಲಿ ಅದು ಉಪಯೋಗಕ್ಕೆ ಬರತ್ತೆ, ಕೆಸರಿನ ಏರಲ್ಲಿ ಅಷ್ಟಾಗಿ ಇಲ್ಲ. ನಿಮ್ಮ ದಾರೀಲಿ ಬಂಡೆ ಇಲ್ಲ ಅಂದ್ರೆ ಹಳೇ 245/70 ಸೈಜಲ್ಲೇ ಆಲ್ ಟೆರೇನ್ ತಗೊಳ್ಳಿ, ಮೀಟರ್ ಸರಿ ಇರತ್ತೆ, ಗೇರ್ ಸರಿ ಇರತ್ತೆ, ಬ್ರೇಕ್ ಸರಿ ಇರತ್ತೆ, ಇನ್ಶೂರೆನ್ಸಿನ ತಲೆನೋವೂ ಇಲ್ಲ, ನಾನಾದ್ರೆ ಇದನ್ನೇ ಹಾಕ್ಸೋದು. ಸ್ವಲ್ಪ ಎತ್ತರ ಬೇಕೇ ಬೇಕು ಅಂದ್ರೆ 265/70 ಆರ್16 ನೋಡಿ, 777 ಮಿ.ಮೀ., ಹಳೇದಕ್ಕಿಂತ 3.7 ಪರ್ಸೆಂಟ್ ಅಷ್ಟೇ ದೊಡ್ಡದು, ಟೊಯೋಟಾ ಹೈಲಕ್ಸ್‌ಗೆ ಕಂಪನಿಯಿಂದಾನೇ ಬರೋ 265/65 ಆರ್17 ಕೂಡ ಹೆಚ್ಚುಕಮ್ಮಿ ಇದೇ ಎತ್ತರ. ಇದಕ್ಕೂ ಇನ್ಶೂರೆನ್ಸಿನವರನ್ನ ಕೇಳಿಯೇ ಹಾಕ್ಸಿ. ಎರಡರಲ್ಲಿ ಯಾವುದೇ ಆಗ್ಲಿ, ಚೂಪು ಕಲ್ಲಿಗೆ ಸೈಡ್‌ವಾಲ್ ಹರಿಯೋ ದಾರಿ ನಿಮ್ದಲ್ಲ ಅಂದ್ರೆ ಎಲ್‌ಟಿ ಬೇಡ, ಅದೇ ಮಾಡೆಲಿನ ಮಾಮೂಲಿ ಲೋಡಿನ ಟೈರ್ ಕೇಳಿ, ಹಗುರ ಇರತ್ತೆ, ಸಲೀಸಾಗಿ ಉರುಳತ್ತೆ. ಲೋಡ್ ಇಂಡೆಕ್ಸ್, ಅಂದ್ರೆ ಟೈರ್ ಎಷ್ಟು ತೂಕ ಹೊರತ್ತೆ ಅಂತ ಹೇಳೋ ನಂಬರ್ ಮಾತ್ರ ಕಂಪನಿ ಟೈರಿಗಿಂತ ಕಮ್ಮಿ ಇರ್ಬಾರ್ದು. ಅಂಗಡೀಲಿ ಬರೀ 265 ಆಲ್ ಟೆರೇನ್ ಕೊಡಿ ಅಂದ್ರೆ ಸ್ಟಾಕಲ್ಲಿ ಯಾವುದಿದೆಯೋ ಅದನ್ನ ಹಾಕಿ ಕಳಿಸ್ತಾರೆ, ಹಾಗಾಗಿ ರಿಮ್ಮಿಗೆ ಏರಿಸೋಕೆ ಮುಂಚೆ ಟೈರನ್ನ ನಿಲ್ಲಿಸ್ಕೊಂಡು ಸೈಡ್‌ವಾಲಲ್ಲಿ ಸೈಜಿನ ಮುಂದೆ ಎಲ್‌ಟಿ ಅಂತ ಇದ್ಯಾ, ಲೋಡ್ ಇಂಡೆಕ್ಸ್ ಎಷ್ಟಿದೆ, ಯಾವ ವರ್ಷದ ಮಾಲು ಅಂತ ನೀವೇ ಓದಿ ನೋಡಿ, ಆಮೇಲೆ ದುಡ್ಡು ಕೊಡಿ.